ಸಣ್ಣ ನಕ್ಷತ್ರಗಳ ಬದುಕನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸೂರ್ಯನಂಥ ಮತ್ತು ಅದಕ್ಕಿಂತ ಚಿಕ್ಕ ನಕ್ಷತ್ರಗಳು ಹೇಗೆ ಬೆಳೆದು ಮುಗಿಯುತ್ತವೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಕೆಲಸವೊಂದಿದೆ. ಅದರ ಬಗ್ಗೆ ವಿದ್ಯಾರ್ಥಿಗಳೂ ಹವ್ಯಾಸಿ ವೀಕ್ಷಕರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಹೆಚ್ಚಿನವು ಸುತ್ತಿ ಬಳಸಿ ಒಂದೇ ವಿಷಯಕ್ಕೆ ಬರುತ್ತವೆ: ನಕ್ಷತ್ರದೊಳಗೆ ಯಾವ ಧಾತು ಎಷ್ಟಿದೆ, ಅದು ಬದಲಾದರೆ ಏನಾಗುತ್ತದೆ. ಹಾಗಾಗಿ ಆ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸಣ್ಣ ನಕ್ಷತ್ರ ಅಂದರೆ ಎಷ್ಟು ಸಣ್ಣದು?

ಇಲ್ಲಿ ಸಣ್ಣದು ಅಂದರೆ ದ್ರವ್ಯರಾಶಿ ಕಡಿಮೆ ಇರುವುದು. ಕೆಳಗಿನ ಗಡಿ ಸೂರ್ಯನ ಸುಮಾರು 0.08 ಪಟ್ಟು. ಅದಕ್ಕಿಂತ ಕಡಿಮೆ ಇದ್ದರೆ ಒಳಗೆ ಹೈಡ್ರೋಜನ್ ನಿರಂತರವಾಗಿ ಉರಿಯುವಷ್ಟು ಶಾಖ ಬರುವುದಿಲ್ಲ. ಅಂಥವು ಕಂದು ಕುಬ್ಜಗಳಾಗಿ ಉಳಿಯುತ್ತವೆ. ಮೇಲಿನ ಗಡಿಯನ್ನು ಸುಮಾರು 2 ಪಟ್ಟು ಅಂತ ಇಟ್ಟುಕೊಳ್ಳುವುದು ರೂಢಿ. ಅದಕ್ಕಿಂತ ಚಿಕ್ಕ ನಕ್ಷತ್ರಗಳಲ್ಲಿ ಹೀಲಿಯಂ ಹೊತ್ತಿಕೊಳ್ಳುವ ರೀತಿಯೇ ಬೇರೆ. ಅದರ ಮಾತು ಮುಂದೆ ಬರುತ್ತದೆ.

ಈ ಗಡಿಗಳೂ ಧಾತುಗಳ ಮೇಲೆ ನಿಂತಿವೆ. ಹೈಡ್ರೋಜನ್, ಹೀಲಿಯಂ ಬಿಟ್ಟು ಬೇರೇನೂ ಇಲ್ಲದ ನಕ್ಷತ್ರಕ್ಕೆ ಕೆಳಗಿನ ಗಡಿ 0.09ರ ಹತ್ತಿರಕ್ಕೆ ಏರುತ್ತದೆ.

ದೂರದರ್ಶಕ ಇದೆಯಲ್ಲ, ಕಂಪ್ಯೂಟರ್ ಯಾಕೆ ಬೇಕು?

ಸೂರ್ಯನಂಥ ನಕ್ಷತ್ರ ಸುಮಾರು 1,000 ಕೋಟಿ ವರ್ಷ ಹೈಡ್ರೋಜನ್ ಉರಿಸುತ್ತದೆ. ಯಾರು ಎಷ್ಟು ಕಾಲ ನೋಡಿದರೂ ಸಿಗುವುದು ಅದರ ಬದುಕಿನ ಒಂದು ಕ್ಷಣ ಅಷ್ಟೇ. ಆಕಾಶದಲ್ಲಿ ಬೇರೆ ಬೇರೆ ವಯಸ್ಸಿನ ನಕ್ಷತ್ರಗಳು ಸಿಗುತ್ತವೆ ನಿಜ. ಆದರೆ ಯಾವುದು ಯಾವುದರ ಮುಂದಿನ ಹಂತ ಅಂತ ಅವುಗಳ ಮೇಲೆ ಬರೆದಿರುವುದಿಲ್ಲ. ಅವನ್ನು ಸರಿಯಾದ ಕ್ರಮದಲ್ಲಿ ಜೋಡಿಸಲು ಭೌತಶಾಸ್ತ್ರದ ಲೆಕ್ಕವೇ ಬೇಕು.

ಪ್ರೋಗ್ರಾಂ ಒಳಗೆ ನಿಜಕ್ಕೂ ಏನು ನಡೆಯುತ್ತದೆ?

ನಕ್ಷತ್ರವನ್ನು ಪೂರ್ತಿ ಗುಂಡಗಿದೆ ಅಂತ ಭಾವಿಸುತ್ತಾರೆ. ಕೇಂದ್ರದಿಂದ ಮೇಲ್ಮೈವರೆಗೆ ಅದನ್ನು ಸಾವಿರ ಅಥವಾ ಅದಕ್ಕಿಂತ ಹೆಚ್ಚು ತೆಳು ಪದರಗಳಾಗಿ ಕತ್ತರಿಸುತ್ತಾರೆ. ಪ್ರತಿ ಪದರಕ್ಕೂ ನಾಲ್ಕು ಸಮೀಕರಣ. ಒಳಗೆ ಎಷ್ಟು ದ್ರವ್ಯವಿದೆ ಅನ್ನುವುದು ಒಂದು. ಗುರುತ್ವದ ಎಳೆತಕ್ಕೆ ಒತ್ತಡ ಸರಿಸಮ ನಿಲ್ಲಬೇಕು ಅನ್ನುವುದು ಇನ್ನೊಂದು. ಶಕ್ತಿ ಎಷ್ಟು ಹುಟ್ಟುತ್ತದೆ ಅನ್ನುವುದು ಮೂರನೆಯದು. ಆ ಶಕ್ತಿ ಹೇಗೆ ಹೊರಕ್ಕೆ ಬರುತ್ತದೆ ಅನ್ನುವುದು ನಾಲ್ಕನೆಯದು.

ಇವನ್ನು ಬಿಡಿಬಿಡಿಯಾಗಿ ಬಿಡಿಸಲು ಆಗುವುದಿಲ್ಲ. ಮೊದಲು ಒಂದು ಅಂದಾಜು ರಚನೆ ಕೊಡಬೇಕು. ಎಲ್ಲ ಪದರಗಳೂ ನಾಲ್ಕೂ ಸಮೀಕರಣಗಳಿಗೆ ಒಪ್ಪುವವರೆಗೆ ಪ್ರೋಗ್ರಾಂ ಅದನ್ನು ತಿದ್ದುತ್ತಾ ಹೋಗುತ್ತದೆ. 1964ರಲ್ಲಿ ಲೂಯಿಸ್ ಹೆನ್ಯೆ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಇದು. ಇವತ್ತಿನ ಬಹುಪಾಲು ಕೋಡ್‌ಗಳು ಇದೇ ದಾರಿಯಲ್ಲಿ ನಡೆಯುತ್ತವೆ. ರಚನೆ ಒಪ್ಪಿತವಾದ ಮೇಲೆ ಕಾಲವನ್ನು ಒಂದು ಹೆಜ್ಜೆ ಮುಂದಿಡುತ್ತಾರೆ. ಅಷ್ಟರಲ್ಲಿ ಎಷ್ಟು ಹೈಡ್ರೋಜನ್ ಹೀಲಿಯಂ ಆಯಿತು ಅಂತ ಪ್ರತಿ ಪದರದಲ್ಲೂ ಲೆಕ್ಕ ಹಾಕಿ, ಹೊಸ ಸಂಯೋಜನೆಗೆ ಮತ್ತೆ ರಚನೆ ಹುಡುಕುತ್ತಾರೆ. ಹೀಗೆ ಸಾವಿರಾರು ಹೆಜ್ಜೆ.

ಅಂದರೆ ನಕ್ಷತ್ರದ ಬದುಕು ಮುಂದಕ್ಕೆ ಸಾಗುವುದೇ ಅದರ ರಾಸಾಯನಿಕ ಸಂಯೋಜನೆ ಬದಲಾಗುವುದರಿಂದ. ಉಳಿದದ್ದೆಲ್ಲ ಆ ಬದಲಾವಣೆಗೆ ನಕ್ಷತ್ರ ಕೊಡುವ ಪ್ರತಿಕ್ರಿಯೆ.

ಸಂಯೋಜನೆಯನ್ನು ಹೇಗೆ ಹೇಳುತ್ತಾರೆ?

ಮೂರು ಸಂಖ್ಯೆಗಳಲ್ಲಿ. ಒಟ್ಟು ದ್ರವ್ಯರಾಶಿಯಲ್ಲಿ ಹೈಡ್ರೋಜನ್ ಪಾಲು ಎಕ್ಸ್, ಹೀಲಿಯಂ ಪಾಲು ವೈ, ಉಳಿದದ್ದೆಲ್ಲ ಸೇರಿ ಝಡ್. ಮೂರೂ ಸೇರಿದರೆ 1. ಖಗೋಳದವರು ಈ ಉಳಿದದ್ದನ್ನೆಲ್ಲ 'ಲೋಹ' ಅಂತ ಕರೆಯುತ್ತಾರೆ. ಕಾರ್ಬನ್, ಆಕ್ಸಿಜನ್, ನಿಯಾನ್ ಕೂಡ ಅವರಿಗೆ ಲೋಹವೇ! ರಸಾಯನಶಾಸ್ತ್ರದವರು ಹುಬ್ಬು ಗಂಟಿಕ್ಕಿದರೂ ಈ ಪದ್ಧತಿ ಬದಲಾಗಿಲ್ಲ.

ಸೂರ್ಯನ ಮೇಲ್ಮೈಯಲ್ಲಿ ಹೈಡ್ರೋಜನ್ ಸುಮಾರು ಶೇ. 74, ಹೀಲಿಯಂ ಶೇ. 25, ಲೋಹಗಳು ಶೇ. 1.3ರಿಂದ 1.8ರೊಳಗೆ. ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಹೆಚ್ಚು ಅಂತ ಸೆಸಿಲಿಯಾ ಪೇನ್ 1925ರಲ್ಲಿ ತೋರಿಸಿದರು. ಅದಕ್ಕೆ ಆಧಾರವಾಗಿದ್ದು ಮೇಘನಾದ ಸಹಾ ಅವರ 1920ರ ಅಯಾನೀಕರಣ (ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುವುದು) ಸಮೀಕರಣ. ಅದೇ ಸಮೀಕರಣದ ಬೆಳೆದ ರೂಪಗಳು ಇವತ್ತಿನ ಕೋಡ್‌ಗಳಲ್ಲೂ ಕೆಲಸ ಮಾಡುತ್ತಿವೆ.

ಬರೀ ಒಂದೂವರೆ ಶೇಕಡಾ ಲೋಹಕ್ಕೆ ಇಷ್ಟೊಂದು ಮಹತ್ವ ಯಾಕೆ?

ಕಾರಣ ಬೆಳಕು. ಕೇಂದ್ರದಲ್ಲಿ ಹುಟ್ಟಿದ ಶಕ್ತಿ ಹೊರಕ್ಕೆ ಬರುವಾಗ ದಾರಿಯುದ್ದಕ್ಕೂ ತಡೆ ಎದುರಾಗುತ್ತದೆ. ಈ ತಡೆಗೆ ಅಪಾರದರ್ಶಕತೆ ಅಂತ ಹೆಸರು. ತಿರುಳಿನ ಶಾಖದಲ್ಲಿ ಹೈಡ್ರೋಜನ್, ಹೀಲಿಯಂ ಎಲೆಕ್ಟ್ರಾನ್‌ಗಳನ್ನೆಲ್ಲ ಕಳೆದುಕೊಂಡು ಬೆತ್ತಲಾಗಿರುತ್ತವೆ. ಅವು ಬೆಳಕನ್ನು ಹೀರುವುದು ಕಡಿಮೆ. ಆದರೆ ಕಬ್ಬಿಣದಂಥ ಭಾರದ ಧಾತುಗಳು ಒಳಗಿನ ಕೆಲವು ಎಲೆಕ್ಟ್ರಾನ್‌ಗಳನ್ನು ಅಲ್ಲೂ ಹಿಡಿದಿಟ್ಟುಕೊಂಡಿರುತ್ತವೆ. ಅವು ಬೆಳಕನ್ನು ಚೆನ್ನಾಗಿ ಹೀರುತ್ತವೆ. ಲೋಹಗಳು ನಕ್ಷತ್ರಕ್ಕೆ ಹೊದಿಸಿದ ಕಂಬಳಿಯ ಹಾಗೆ: ತೂಕದಲ್ಲಿ ಏನೂ ಅಲ್ಲ, ಶಾಖ ಎಷ್ಟು ಬೇಗ ಸೋರಬೇಕು ಅನ್ನುವುದನ್ನು ತೀರ್ಮಾನಿಸುವುದು ಮಾತ್ರ ಅವೇ.

ಮೇಲ್ಮೈ ಹತ್ತಿರ ಕಥೆ ಇನ್ನೂ ವಿಚಿತ್ರ. ಸೂರ್ಯನಂಥ ತಂಪು ಮೇಲ್ಮೈಯಲ್ಲಿ ಬೆಳಕನ್ನು ತಡೆಯುವ ಮುಖ್ಯ ಕಣ ಋಣ ಹೈಡ್ರೋಜನ್ ಅಯಾನು, ಅಂದರೆ ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಅಂಟಿಸಿಕೊಂಡ ಹೈಡ್ರೋಜನ್. ಆ ಹೆಚ್ಚುವರಿ ಎಲೆಕ್ಟ್ರಾನ್ ಎಲ್ಲಿಂದ ಬರಬೇಕು? ಆ ಉಷ್ಣತೆಯಲ್ಲಿ ಹೈಡ್ರೋಜನ್ ತನ್ನದನ್ನು ಬಿಟ್ಟುಕೊಡುವುದಿಲ್ಲ. ಮೆಗ್ನೀಷಿಯಂ, ಸಿಲಿಕಾನ್, ಕಬ್ಬಿಣ, ಇನ್ನೂ ತಂಪಾದ ಕಡೆ ಸೋಡಿಯಂ, ಕ್ಯಾಲ್ಸಿಯಂ ಇವು ಬಿಟ್ಟುಕೊಡುತ್ತವೆ. ಲಕ್ಷದಲ್ಲಿ ಕೆಲವೇ ಪರಮಾಣುಗಳು ಸೇರಿ ಇಡೀ ಮೇಲ್ಮೈಯ ಉಷ್ಣತೆಯನ್ನು ತೀರ್ಮಾನಿಸುತ್ತವೆ.

ಲೋಹಗಳಿಗೆ ಎರಡನೇ ಕೆಲಸವೂ ಉಂಟು. ಕಾರ್ಬನ್, ನೈಟ್ರೋಜನ್, ಆಕ್ಸಿಜನ್ ಮೂರೂ ಹೈಡ್ರೋಜನ್ನನ್ನು ಹೀಲಿಯಂ ಮಾಡುವ ಸಿಎನ್ಒ ಚಕ್ರದಲ್ಲಿ ವೇಗವರ್ಧಕಗಳು. ಸೂರ್ಯನಲ್ಲಿ ಈ ಚಕ್ರದಿಂದ ಬರುವ ಶಕ್ತಿ ಸುಮಾರು ಶೇ. 1 ಮಾತ್ರ. ಉಳಿದದ್ದು ಹೈಡ್ರೋಜನ್ ಬೀಜಗಳೇ ನೇರವಾಗಿ ಸೇರುವ ಪ್ರೋಟಾನ್-ಪ್ರೋಟಾನ್ ಸರಪಳಿಯದು. ಆದರೆ ಹೈಡ್ರೋಜನ್ ಕೇಂದ್ರದಲ್ಲಿ ಮುಗಿದು ತಿರುಳಿನ ಸುತ್ತ ಪದರವಾಗಿ ಉರಿಯತೊಡಗಿದಾಗ, ಸಣ್ಣ ನಕ್ಷತ್ರದಲ್ಲೂ ಸಿಎನ್ಒ ಚಕ್ರವೇ ಯಜಮಾನ.

ಹಾಗಾದರೆ ಲೋಹ ಕಡಿಮೆ ಇದ್ದರೆ ನಕ್ಷತ್ರ ಮಂಕಾಗಿರಬೇಕು, ಅಲ್ವಾ?

ಇಲ್ಲ, ಉಲ್ಟಾ. ತಡೆ ಕಡಿಮೆಯಾದಾಗ ಶಕ್ತಿ ಸುಲಭವಾಗಿ ಹೊರಬರುತ್ತದೆ. ಅದೇ ದ್ರವ್ಯರಾಶಿಯ ನಕ್ಷತ್ರ ಹೆಚ್ಚು ಬೆಳಗುತ್ತದೆ, ಹೆಚ್ಚು ಬಿಸಿಯಾಗಿ ಹೆಚ್ಚು ನೀಲಿಯಾಗಿ ಕಾಣುತ್ತದೆ. ಇಂಧನ ಅಷ್ಟೇ ಇರುವುದರಿಂದ ಬೇಗ ಮುಗಿಯುತ್ತದೆ ಕೂಡ.

ಸೂರ್ಯನಷ್ಟೇ ದ್ರವ್ಯರಾಶಿ ಇಟ್ಟು ಲೋಹವನ್ನು ನೂರರಲ್ಲೊಂದು ಪಾಲಿಗೆ ಇಳಿಸಿ. ಮುಖ್ಯ ಶ್ರೇಣಿಯ, ಅಂದರೆ ಕೇಂದ್ರದಲ್ಲಿ ಹೈಡ್ರೋಜನ್ ಉರಿಸುವ ಹಂತದ, ಆಯಸ್ಸು 1,000 ಕೋಟಿಯಿಂದ ಸುಮಾರು 600–700 ಕೋಟಿ ವರ್ಷಕ್ಕೆ ಕುಸಿಯುತ್ತದೆ. 0.8 ಪಟ್ಟು ನಕ್ಷತ್ರ ತೆಗೆದುಕೊಂಡರೆ ವ್ಯತ್ಯಾಸ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಸೂರ್ಯನಷ್ಟು ಲೋಹವಿದ್ದರೆ ಅದು 2,000 ಕೋಟಿ ವರ್ಷಕ್ಕಿಂತ ಹೆಚ್ಚು ಬಾಳುತ್ತದೆ. ಲೋಹ ತೀರಾ ಕಡಿಮೆ ಇದ್ದರೆ 1,200–1,300 ಕೋಟಿ ವರ್ಷಕ್ಕೇ ಮುಖ್ಯ ಶ್ರೇಣಿ ಬಿಟ್ಟು ಹೊರಡುತ್ತದೆ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಹಳೆಯ ಗೋಳಗುಚ್ಛಗಳಲ್ಲಿ (ಲಕ್ಷಾಂತರ ನಕ್ಷತ್ರಗಳ ಗುಂಡನೆಯ ಗುಂಪುಗಳು) ಈಗ ಉಬ್ಬಿ ತಣಿದು ಕೆಂಪು ದೈತ್ಯರಾಗುತ್ತಿರುವ ನಕ್ಷತ್ರಗಳು ಹೆಚ್ಚುಕಡಿಮೆ ಇದೇ 0.8ರವು.

ಹೀಲಿಯಂ ಜಾಸ್ತಿ ಮಾಡಿದರೆ?

ಪರಿಣಾಮದ ದಿಕ್ಕು ಅದೇ, ಕಾರಣ ಬೇರೆ. ನಾಲ್ಕು ಹೈಡ್ರೋಜನ್ ಪರಮಾಣುಗಳು ಪೂರ್ತಿ ಅಯಾನೀಕರಣಗೊಂಡರೆ 8 ಕಣ ಸಿಗುತ್ತವೆ: 4 ಪ್ರೋಟಾನ್, 4 ಎಲೆಕ್ಟ್ರಾನ್. ಅಷ್ಟೇ ದ್ರವ್ಯದ ಒಂದು ಹೀಲಿಯಂ ಪರಮಾಣುವಿನಿಂದ ಸಿಗುವುದು 3 ಕಣ. ಅನಿಲದ ಒತ್ತಡ ಕಣಗಳ ಎಣಿಕೆಯ ಮೇಲೆ ನಿಂತಿದೆ. ಕಣ ಕಡಿಮೆಯಾದರೆ ಒತ್ತಡ ಸಾಲದೆ ತಿರುಳು ಕುಗ್ಗುತ್ತದೆ, ಬಿಸಿಯಾಗುತ್ತದೆ, ಜೋರಾಗಿ ಉರಿಯುತ್ತದೆ. ಸರಳ ಲೆಕ್ಕದಲ್ಲಿ ಪ್ರಕಾಶವು ಕಣದ ಸರಾಸರಿ ತೂಕದ ನಾಲ್ಕನೇ ಘಾತದಂತೆ ಏರುತ್ತದೆ. ಸೂರ್ಯ ಹುಟ್ಟಿದಾಗ ಈಗಿನ ಸುಮಾರು ಶೇ. 70ರಷ್ಟು ಮಾತ್ರ ಬೆಳಗುತ್ತಿದ್ದುದಕ್ಕೂ ಇದೇ ಕಾರಣ. ಅವನ ತಿರುಳಿನಲ್ಲಿ ಹೀಲಿಯಂ ಏರುತ್ತಾ ಬಂದಿದೆ.

ತೊಡಕು ಏನೆಂದರೆ ತಂಪು ನಕ್ಷತ್ರಗಳ ವರ್ಣಪಟಲದಲ್ಲಿ ಹೀಲಿಯಂ ನೇರವಾಗಿ ಕಾಣುವುದಿಲ್ಲ. ಇಲ್ಲಿ ಮಾದರಿಗಳು ತಮ್ಮ ಬೆಲೆ ತೋರಿಸಿದವು. ನಕ್ಷತ್ರಗಳ ಬಣ್ಣ ಮತ್ತು ಪ್ರಕಾಶವನ್ನು ನಕ್ಷೆಯಲ್ಲಿ ಹಾಕಿದರೆ ಮುಖ್ಯ ಶ್ರೇಣಿ ಒಂದು ಗೆರೆಯಾಗಿ ಕಾಣುತ್ತದೆ. ಒಮೆಗಾ ಸೆಂಟಾರಿ ಗುಚ್ಛದಲ್ಲಿ ಆ ಗೆರೆ ಎರಡು ಎಳೆಗಳಾಗಿ ಒಡೆದಿರುವುದು ಹಬಲ್ ಚಿತ್ರಗಳಲ್ಲಿ ಕಂಡಿತು. ನೀಲಿ ಎಳೆಯಲ್ಲೇ ಲೋಹ ಜಾಸ್ತಿ ಅಂತ 2005ರಲ್ಲಿ ವರ್ಣಪಟಲ ಹೇಳಿತು. ಲೋಹ ಹೆಚ್ಚಿದರೆ ಕೆಂಪಾಗಬೇಕಿತ್ತು. ಹೀಲಿಯಂ ಪಾಲು 0.38ರಿಂದ 0.40ರಷ್ಟು ಇದೆ ಅಂತ ಇಟ್ಟುಕೊಂಡರೆ ಮಾತ್ರ ಲೆಕ್ಕ ಕೂಡುತ್ತದೆ. ಬಿಗ್ ಬ್ಯಾಂಗ್‌ನಿಂದ ಬಂದ ಪಾಲು 0.245ರ ಆಸುಪಾಸು ಅನ್ನುವುದನ್ನು ನೆನಪಿಟ್ಟರೆ ಇದು ಎಂಥ ಸಂಖ್ಯೆ ಅಂತ ಗೊತ್ತಾಗುತ್ತದೆ. 2007ರಲ್ಲಿ ಎನ್‌ಜಿಸಿ 2808 ಗುಚ್ಛದಲ್ಲಿ ಮೂರು ಎಳೆ ಸಿಕ್ಕವು. ಅಲ್ಲೂ ಇದೇ ವಿವರಣೆ. ಅಷ್ಟು ಹೀಲಿಯಂ ಆ ಅನಿಲಕ್ಕೆ ಎಲ್ಲಿಂದ ಬಂತು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಎಲ್ಲ ಲೋಹಗಳನ್ನೂ ಝಡ್ ಅನ್ನುವ ಒಂದೇ ಸಂಖ್ಯೆಯಲ್ಲಿ ಸೇರಿಸುವುದು ಸರಿಯೇ?

ಅನುಕೂಲಕ್ಕೆ ಸರಿ, ಭೌತಶಾಸ್ತ್ರಕ್ಕೆ ಅಲ್ಲ. ಇಡೀ ಪುಟದಲ್ಲಿ ನಾನು ಮುಖ್ಯ ಅಂತ ಅಂದುಕೊಂಡಿರುವ ಪ್ರಶ್ನೆ ಇದು.

ಸೂರ್ಯನ ಲೋಹದ ಪಾಲಿನಲ್ಲಿ ಆಕ್ಸಿಜನ್ ಒಂದೇ ಅರ್ಧದ ಹತ್ತಿರ ಇದೆ. ಕಬ್ಬಿಣ ಹತ್ತರಲ್ಲೊಂದು ಪಾಲು. ಆದರೆ ವೀಕ್ಷಕರು ಸಾಮಾನ್ಯವಾಗಿ ಅಳೆಯುವುದು ಕಬ್ಬಿಣವನ್ನು. ಅದರ ಗೆರೆಗಳು ವರ್ಣಪಟಲದಲ್ಲಿ ಹೇರಳ. ಹೈಡ್ರೋಜನ್‌ಗೆ ಹೋಲಿಸಿ ಕಬ್ಬಿಣ ಸೂರ್ಯನದ್ದರ ಎಷ್ಟು ಪಾಲು ಅಂತ ಲಾಗರಿದಂನಲ್ಲಿ ಹೇಳುತ್ತಾರೆ. 0 ಅಂದರೆ ಸೂರ್ಯನಷ್ಟೇ, −1 ಅಂದರೆ ಹತ್ತರಲ್ಲೊಂದು, −2 ಅಂದರೆ ನೂರರಲ್ಲೊಂದು. ಈ ಒಂದು ಸಂಖ್ಯೆ ಹಿಡಿದು ಉಳಿದ ಲೋಹಗಳೂ ಅದೇ ಪ್ರಮಾಣದಲ್ಲಿ ಇಳಿದಿವೆ ಅಂತ ಭಾವಿಸಿದರೆ ಹಳೆಯ ನಕ್ಷತ್ರಗಳ ವಿಷಯದಲ್ಲಿ ಲೆಕ್ಕ ತಪ್ಪುತ್ತದೆ.

ಆಕ್ಸಿಜನ್, ಮೆಗ್ನೀಷಿಯಂ, ಸಿಲಿಕಾನ್, ಕ್ಯಾಲ್ಸಿಯಂ ಇವೆಲ್ಲ ಆಲ್ಫಾ ಧಾತುಗಳು. ಇವನ್ನು ಹೆಚ್ಚಾಗಿ ಎರಚುವುದು ದೊಡ್ಡ ನಕ್ಷತ್ರಗಳು ಸಿಡಿದಾಗ. ಅವು ಹುಟ್ಟಿ ಕೆಲವು ಕೋಟಿ ವರ್ಷದೊಳಗೆ ಸಿಡಿದುಬಿಡುತ್ತವೆ. ಕಬ್ಬಿಣದ ದೊಡ್ಡ ಪಾಲು ಬರುವುದು ಶ್ವೇತ ಕುಬ್ಜಗಳು (ಸಣ್ಣ ನಕ್ಷತ್ರ ಮುಗಿದ ಮೇಲೆ ಉಳಿಯುವ ತಿರುಳು) ಸಿಡಿಯುವ ಒಂದನೇ ಎ ಬಗೆಯ ಸೂಪರ್‌ನೋವಾಗಳಿಂದ. ಅವು ನಿಧಾನ. ಹಾಗಾಗಿ ಬೇಗ ಹುಟ್ಟಿದ ನಕ್ಷತ್ರಗಳಿಗೆ ಕಬ್ಬಿಣ ಸಿಗುವ ಮುಂಚೆ ಆಲ್ಫಾ ಧಾತುಗಳು ಸಿಕ್ಕಿದ್ದವು. ಹೆಚ್ಚಿನ ಗೋಳಗುಚ್ಛಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಆಲ್ಫಾ ಧಾತುಗಳು ಸೂರ್ಯನಲ್ಲಿರುವುದಕ್ಕಿಂತ ಎರಡರಿಂದ ಎರಡೂವರೆ ಪಟ್ಟು.

ಪ್ರತಿ ಧಾತುವಿನ ಕೆಲಸವೂ ಬೇರೆ. ಆಕ್ಸಿಜನ್ ಒಳಗಿನ ತಡೆಯನ್ನೂ ಸಿಎನ್ಒ ಉರಿತವನ್ನೂ ಎರಡನ್ನೂ ಮುಟ್ಟುತ್ತದೆ. ಹಾಗಾಗಿ ಮುಖ್ಯ ಶ್ರೇಣಿಯ ತಿರುವು ಬಿಂದುವನ್ನು (ನಕ್ಷತ್ರ ಮುಖ್ಯ ಶ್ರೇಣಿ ಬಿಟ್ಟು ಹೊರಡುವ ಜಾಗ), ಅದರ ಜೊತೆ ವಯಸ್ಸಿನ ಲೆಕ್ಕವನ್ನು ಜಾಸ್ತಿ ಅಲುಗಿಸುವುದು ಅದೇ. ಮೆಗ್ನೀಷಿಯಂ ಮತ್ತು ಸಿಲಿಕಾನ್ ಎಲೆಕ್ಟ್ರಾನ್ ಕೊಡುವ ಧಾತುಗಳು. ಅವು ಹೆಚ್ಚಿದರೆ ಕೆಂಪು ದೈತ್ಯ ಕವಲು (ನಕ್ಷೆಯಲ್ಲಿ ಕೆಂಪು ದೈತ್ಯರು ಕೂರುವ ಗೆರೆ) ತಂಪಿನ ಕಡೆಗೆ ಸರಿಯುತ್ತದೆ, ತಿರುವು ಬಿಂದು ಅಷ್ಟಾಗಿ ಕದಲುವುದಿಲ್ಲ.

ಒಂದು ಧಾತುವನ್ನು ಮಾತ್ರ ಬದಲಾಯಿಸಿ ಪರೀಕ್ಷೆ ಮಾಡಬಹುದಾ?

ಮಾಡಬಹುದು. ಆದರೆ ಯಾವುದನ್ನು ಸ್ಥಿರ ಇಟ್ಟಿರಿ ಅಂತ ಮೊದಲು ಬರೆದಿಡಿ. ಒಂದು ಉದಾಹರಣೆ ನೋಡಿ. ಆಕ್ಸಿಜನ್ ದುಪ್ಪಟ್ಟು ಮಾಡುತ್ತೀರಿ, ಆದರೆ ಒಟ್ಟು ಝಡ್ ಬದಲಾಗಬಾರದು ಅಂತ ಪ್ರೋಗ್ರಾಂಗೆ ಹೇಳುತ್ತೀರಿ. ಎಲ್ಲವನ್ನೂ ಹಳೆಯ ಝಡ್‌ಗೆ ಇಳಿಸಿ ಹೊಂದಿಸಿದಾಗ ಕಬ್ಬಿಣ ಸುಮಾರು ಶೇ. 30 ಕಡಿಮೆಯಾಗಿರುತ್ತದೆ. ಮೆಗ್ನೀಷಿಯಂ, ಸಿಲಿಕಾನ್ ಕೂಡ ಅಷ್ಟೇ ಇಳಿದಿರುತ್ತವೆ. ಆಕ್ಸಿಜನ್ನೂ ದುಪ್ಪಟ್ಟಾಗಿರುವುದಿಲ್ಲ, 1.4 ಪಟ್ಟಿನಲ್ಲಿ ನಿಂತಿರುತ್ತದೆ. ದೈತ್ಯ ಕವಲು ಬಿಸಿಯ ಕಡೆಗೆ ಸರಿದಿದ್ದು ಕಂಡು 'ಆಕ್ಸಿಜನ್‌ನಿಂದ ಹೀಗಾಯಿತು' ಅಂದರೆ ಅದು ಸುಳ್ಳು. ಎಲೆಕ್ಟ್ರಾನ್ ಕೊಡುವ ಧಾತುಗಳು ಕಡಿಮೆಯಾಗಿದ್ದರಿಂದ ಹಾಗಾಯಿತು.

ಇನ್ನೊಂದು ದಾರಿ, ಕಬ್ಬಿಣ-ಹೈಡ್ರೋಜನ್ ಅನುಪಾತವನ್ನು ಸ್ಥಿರ ಇಟ್ಟು ಆಕ್ಸಿಜನ್ ಏರಿಸುವುದು. ಆಗ ಝಡ್ ಏರುತ್ತದೆ, ಆದರೆ ಉಳಿದ ಧಾತುಗಳು ಇದ್ದಲ್ಲೇ ಇರುತ್ತವೆ. ನನ್ನ ಒಲವು ಇದರ ಕಡೆಗೆ. ವೀಕ್ಷಕರು ಅಳೆಯುವುದಕ್ಕೂ ಇದೇ ಹತ್ತಿರ. ಎರಡು ಪ್ರಬಂಧಗಳ ಫಲಿತಾಂಶ ಉಲ್ಟಾಪಲ್ಟಾ ಕಂಡರೆ ಮೊದಲು ಇದನ್ನೇ ನೋಡಿ.

ಆಲ್ಫಾ ಧಾತು ಹೆಚ್ಚಿರುವ ಮಾದರಿ ಇಲ್ಲದಿದ್ದರೆ ಸುಮ್ನೆ ಝಡ್ ಏರಿಸಿದರೆ ಸಾಕಾ?

ಲೋಹ ಕಡಿಮೆ ಇರುವ ಕಡೆ ಬಹುಮಟ್ಟಿಗೆ ಸಾಕು. ಒಟ್ಟು ಝಡ್ ಒಂದೇ ಆಗುವಂತೆ ನೋಡಿಕೊಂಡರೆ ಸೂರ್ಯನ ಪ್ರಮಾಣದ ಮಿಶ್ರಣವೂ ಆಲ್ಫಾ ಹೆಚ್ಚಿದ ಮಿಶ್ರಣದಂತೆಯೇ ನಡೆದುಕೊಳ್ಳುತ್ತದೆ ಅಂತ ಸಲಾರಿಸ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದರು. ಲೋಹ ಹೆಚ್ಚಿದ ಕಡೆ ಈ ಉಪಾಯ ಕೈಕೊಡುತ್ತದೆ.

ಅಪಾರದರ್ಶಕತೆಯ ಸಂಖ್ಯೆಗಳು ಎಲ್ಲಿಂದ ಬರುತ್ತವೆ?

ಪರಮಾಣು ಭೌತಶಾಸ್ತ್ರದ ದೊಡ್ಡ ಲೆಕ್ಕಗಳಿಂದ. ಹೆಚ್ಚಿನ ಉಷ್ಣತೆಗೆ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದ ಓಪಲ್ ಕೋಷ್ಟಕಗಳು, ಇಲ್ಲವೇ ಹಲವು ದೇಶದವರು ಸೇರಿ ಮಾಡಿದ ಒಪಾಸಿಟಿ ಪ್ರಾಜೆಕ್ಟ್. ಸುಮಾರು 10,000 ಡಿಗ್ರಿಗಿಂತ ಕೆಳಗೆ ಅಣುಗಳೂ ಧೂಳಿನ ಕಣಗಳೂ ಸೇರಿಕೊಳ್ಳುವುದರಿಂದ ಬೇರೆ ಕೋಷ್ಟಕ ಬೇಕು. ಅಲ್ಲಿ ಫರ್ಗ್ಯೂಸನ್ ಮತ್ತು ಸಂಗಡಿಗರ 2005ರ ಕೋಷ್ಟಕ ಹೆಚ್ಚು ಬಳಕೆಯಲ್ಲಿದೆ. ಪ್ರತಿ ಕೋಷ್ಟಕವೂ ಒಂದು ನಿರ್ದಿಷ್ಟ ಮಿಶ್ರಣಕ್ಕೆ ಮಾಡಿದ್ದು. ನಕ್ಷತ್ರದ ಮಿಶ್ರಣ ಬದಲಾಯಿಸಿ ಕೋಷ್ಟಕ ಹಳೆಯದೇ ಉಳಿಸಿಕೊಂಡರೆ ಪ್ರೋಗ್ರಾಂ ದೂರದೆ ಓಡುತ್ತದೆ, ಉತ್ತರ ಮಾತ್ರ ಅರ್ಥವಿಲ್ಲದ್ದು.

ಸೂರ್ಯನಿಗೆ ಹೊಂದಿಸುವುದು ಅಂದರೆ ಏನು?

ಹೊರಪದರಗಳಲ್ಲಿ ಬಿಸಿ ಅನಿಲ ಕುದಿದು ಮೇಲೇರಿ, ತಣಿದು ಕೆಳಗಿಳಿಯುತ್ತದೆ. ಈ ಸಂವಹನವನ್ನು ಒಂದೇ ಆಯಾಮದ ಮಾದರಿಯಲ್ಲಿ ನಿಜವಾಗಿ ತೋರಿಸಲು ಆಗುವುದಿಲ್ಲ. 1958ರಲ್ಲಿ ಎರಿಕಾ ಬೋಮ್-ವಿಟೆನ್ಸೆ ರೂಪ ಕೊಟ್ಟ ಮಿಶ್ರಣ ಉದ್ದದ ಸಿದ್ಧಾಂತವನ್ನು ಇವತ್ತಿಗೂ ಬಳಸುತ್ತಾರೆ. ಬಿಸಿ ಅನಿಲ ಎಷ್ಟು ದೂರ ಸಾಗಿ ಸುತ್ತಲಿನದರಲ್ಲಿ ಬೆರೆಯುತ್ತದೆ ಅನ್ನುವ ಈ ಉದ್ದದ ಸಂಖ್ಯೆ ಸಿದ್ಧಾಂತದಿಂದ ಬರುವುದಿಲ್ಲ. ನಾವೇ ಆರಿಸಬೇಕು.

ಆರಿಸಲು ಸೂರ್ಯನ ಸಹಾಯ ಪಡೆಯುತ್ತಾರೆ. ಆರಂಭದ ಹೀಲಿಯಂ, ಆರಂಭದ ಲೋಹ, ಈ ಮಿಶ್ರಣ ಉದ್ದ, ಈ ಮೂರನ್ನೂ ಬದಲಾಯಿಸುತ್ತಾ 457 ಕೋಟಿ ವರ್ಷದ ಹೊತ್ತಿಗೆ ಸೂರ್ಯನ ಪ್ರಕಾಶ, ತ್ರಿಜ್ಯ, ಮೇಲ್ಮೈ ಲೋಹಾಂಶ ಸರಿಯಾಗಿ ಬರುವವರೆಗೆ ಓಡಿಸುತ್ತಾರೆ. ಮಿಶ್ರಣ ಉದ್ದ ಸಾಮಾನ್ಯವಾಗಿ 1.8ರಿಂದ 2ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆಮೇಲೆ ಅದೇ ಸಂಖ್ಯೆಯನ್ನು ಲೋಹವಿಲ್ಲದ ಕೆಂಪು ದೈತ್ಯನಿಗೂ ಹಾಕುತ್ತಾರೆ. ಹಾಗೆ ಹಾಕಬಹುದು ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಬೇರೆ ದಾರಿ ಇಲ್ಲದ್ದರಿಂದ ಹಾಕುತ್ತಾರೆ. ಮೂರು ಆಯಾಮದ ಸಂವಹನ ಲೆಕ್ಕಗಳು ಬಂದ ಮೇಲೆ ಈ ಸಂಖ್ಯೆ ನಕ್ಷತ್ರದಿಂದ ನಕ್ಷತ್ರಕ್ಕೆ ಬದಲಾಗುತ್ತದೆ ಅನ್ನುವುದು ಸ್ಪಷ್ಟವಾಗುತ್ತಿದೆ.

ಸೂರ್ಯನ ಲೋಹಾಂಶವೇ ಇನ್ನೂ ತೀರ್ಮಾನವಾಗಿಲ್ಲವಂತೆ, ನಿಜವಾ?

ನಿಜ. 1998ರಲ್ಲಿ ಗ್ರೆವೆಸ್ ಮತ್ತು ಸೋವಾಲ್ ಕೊಟ್ಟ ಮಿಶ್ರಣದಲ್ಲಿ ಝಡ್ 0.017. ಅದನ್ನು ಹಾಕಿದ ಮಾದರಿಗಳು ಸೂರ್ಯನ ಕಂಪನಗಳಿಂದ ಅಳೆದ ಒಳರಚನೆಗೆ ಚೆನ್ನಾಗಿ ಹೊಂದುತ್ತಿದ್ದವು. ಆಮೇಲೆ ಅಸ್‌ಪ್ಲಂಡ್ ಮತ್ತು ಸಂಗಡಿಗರು ಮೂರು ಆಯಾಮದ ವಾತಾವರಣ ಮಾದರಿ ಬಳಸಿ ಆಕ್ಸಿಜನ್ನನ್ನು ಇಳಿಸಿದರು. 2009ರ ಅವರ ಝಡ್ 0.0134. ವರ್ಣಪಟಲದ ವಿಶ್ಲೇಷಣೆ ಸುಧಾರಿಸಿತು, ಸೂರ್ಯನ ಮಾದರಿ ಕೆಟ್ಟಿತು! ಸಂವಹನ ಪದರದ ತಳ ತ್ರಿಜ್ಯದ 0.713 ಭಾಗದಲ್ಲಿದೆ ಅಂತ ಕಂಪನಗಳು ಹೇಳುತ್ತವೆ. ಹೊಸ ಮಿಶ್ರಣದಲ್ಲಿ ಅದು ಇನ್ನೂ ಮೇಲಕ್ಕೆ ಹೋಗಿ ಕೂರುತ್ತದೆ.

ತಪ್ಪು ತಡೆಯ ಲೆಕ್ಕದಲ್ಲೂ ಇರಬಹುದು. 2015ರಲ್ಲಿ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಆ ತಳದ ಹತ್ತಿರದ ಸ್ಥಿತಿಯಲ್ಲಿ ಕಬ್ಬಿಣವನ್ನು ಅಳೆದಾಗ ಕೆಲವು ತರಂಗಾಂತರಗಳಲ್ಲಿ ತಡೆ ಲೆಕ್ಕಕ್ಕಿಂತ ಶೇ. 30ರಿಂದ 400ರಷ್ಟು ಹೆಚ್ಚು ಬಂತು. 2020ರಲ್ಲಿ ಬೊರೆಕ್ಸಿನೊ ಪ್ರಯೋಗ ಸೂರ್ಯನ ಸಿಎನ್ಒ ಚಕ್ರದಲ್ಲಿ ಹುಟ್ಟಿ ತಡೆಯಿಲ್ಲದೆ ಹೊರಬರುವ ನ್ಯೂಟ್ರಿನೊ ಕಣಗಳನ್ನು ಹಿಡಿಯಿತು. ಅದು ತಿರುಳಿನ ಲೋಹವನ್ನು ನೇರವಾಗಿ ತೂಗುವ ದಾರಿ. 2022ರಲ್ಲಿ ಮಾಗ್ ಮತ್ತು ಸಂಗಡಿಗರ ವಿಶ್ಲೇಷಣೆ ಮತ್ತೆ ಹಳೆಯ ಹೆಚ್ಚಿನ ಪ್ರಮಾಣದ ಹತ್ತಿರಕ್ಕೆ ಬಂದಿದೆ. ನಿಮ್ಮ ಕೆಲಸಕ್ಕೆ ಇದರಿಂದ ಆಗುವ ಪರಿಣಾಮ ಸರಳ: 'ಸೂರ್ಯನಷ್ಟು ಲೋಹ' ಅಂತ ಬರೆದರೆ ಸಾಲದು, ಯಾರ ಸೂರ್ಯ ಅಂತಲೂ ಬರೆಯಬೇಕು.

ತೀರಾ ಚಿಕ್ಕ ಕೆಂಪು ಕುಬ್ಜಗಳಿಗೂ ಇದೇ ವಿಧಾನ ನಡೆಯುತ್ತಾ?

ಒಳಗೆ ಅವು ಸರಳ. ಸುಮಾರು 0.35 ಪಟ್ಟಿಗಿಂತ ಕಡಿಮೆ ಇದ್ದರೆ ಕೇಂದ್ರದಿಂದ ಮೇಲ್ಮೈವರೆಗೆ ಪೂರ್ತಿ ಸಂವಹನ. ಎಲ್ಲವೂ ಬೆರೆಯುವುದರಿಂದ ಹೈಡ್ರೋಜನ್ ಪೂರ್ತಿ ಬಳಕೆಗೆ ಸಿಗುತ್ತದೆ. 0.1 ಪಟ್ಟಿನ ನಕ್ಷತ್ರ ಹಲವು ಲಕ್ಷ ಕೋಟಿ ವರ್ಷ ಬಾಳುತ್ತದೆ.

ಕಷ್ಟ ಇರುವುದು ಮೇಲ್ಮೈಯಲ್ಲಿ. ಟೈಟಾನಿಯಂ ಆಕ್ಸೈಡ್, ನೀರಾವಿ ಇಂಥ ಅಣುಗಳು ಬೆಳಕನ್ನು ಚಿಂದಿ ಮಾಡುತ್ತವೆ. ಸರಳ ವಾತಾವರಣ ಸೂತ್ರ ಇಲ್ಲಿ ಸಾಲುವುದಿಲ್ಲ. ಫೀನಿಕ್ಸ್‌ನಂಥ ವಾತಾವರಣ ಮಾದರಿಯನ್ನು ಒಳರಚನೆಗೆ ಹೊಲಿಯಬೇಕು, ಅದೂ ಅದೇ ಮಿಶ್ರಣದ್ದು. ಅಷ್ಟಾದರೂ ಒಂದು ಕೊರತೆ ಉಳಿದಿದೆ. ಸಿಎಂ ಡ್ರಾಕೋನಿಸ್‌ನಂಥ ಗ್ರಹಣ ಜೋಡಿಗಳಲ್ಲಿ (ಒಂದನ್ನೊಂದು ಮರೆಮಾಡುತ್ತಾ ಸುತ್ತುವ ಎರಡು ನಕ್ಷತ್ರ) ಅಳೆದ ತ್ರಿಜ್ಯ ಮಾದರಿಗಿಂತ ಕೆಲವು ಶೇಕಡಾ ದೊಡ್ಡದು. ಕಾಂತಕ್ಷೇತ್ರ ಮತ್ತು ಕಲೆಗಳು ಕಾರಣ ಅನ್ನುವ ವಾದಕ್ಕೆ ಬಲವಿದೆ.

ಹೀಲಿಯಂ ಫ್ಲಾಶ್ ಬಂದಾಗ ಪ್ರೋಗ್ರಾಂ ಯಾಕೆ ತಡವರಿಸುತ್ತದೆ?

ಕೆಂಪು ದೈತ್ಯನ ತಿರುಳಿನಲ್ಲಿ ಎಲೆಕ್ಟ್ರಾನ್‌ಗಳು ಎಷ್ಟು ಕಿಕ್ಕಿರಿದಿರುತ್ತವೆ ಅಂದರೆ ಬಿಸಿ ಏರಿದರೂ ಒತ್ತಡ ಏರುವುದಿಲ್ಲ. ಇದು ಡಿಜೆನರೇಟ್ ಸ್ಥಿತಿ. ತಿರುಳು ಸುಮಾರು 0.47 ಪಟ್ಟು ತಲುಪಿ, ಉಷ್ಣತೆ 10 ಕೋಟಿ ಡಿಗ್ರಿ ಮುಟ್ಟಿದಾಗ ಹೀಲಿಯಂ ಹೊತ್ತಿಕೊಳ್ಳುತ್ತದೆ. ಹಿಗ್ಗಿ ತಣಿಯುವ ದಾರಿ ಇಲ್ಲದೆ ಉರಿತ ಓಟ ಕೀಳುತ್ತದೆ. ಕೆಲಹೊತ್ತು ಒಳಗೆ ಸೂರ್ಯನ ಶತಕೋಟಿ ಪಟ್ಟು ಶಕ್ತಿ ಹುಟ್ಟುತ್ತದೆ. ಆದರೆ ಹೊರಗೆ ಏನೂ ಕಾಣುವುದಿಲ್ಲ. ಅದೆಲ್ಲ ತಿರುಳನ್ನು ಸಡಿಲಿಸಲು ಖರ್ಚಾಗುತ್ತದೆ. ನ್ಯೂಟ್ರಿನೊಗಳು ಕೇಂದ್ರವನ್ನು ತಣಿಸಿರುವುದರಿಂದ ಬೆಂಕಿ ಶುರುವಾಗುವುದು ಕೇಂದ್ರದಲ್ಲಲ್ಲ, ಅದರ ಸುತ್ತ.

ಕೋಟಿ ವರ್ಷಗಳ ಹೆಜ್ಜೆ ಇಡುತ್ತಿದ್ದ ಪ್ರೋಗ್ರಾಂ ಇದ್ದಕ್ಕಿದ್ದಂತೆ ತೀರಾ ಚಿಕ್ಕ ಹೆಜ್ಜೆಗೆ ಇಳಿಯಬೇಕಾಗುತ್ತದೆ. ಹಲವು ಕೋಡ್‌ಗಳು ಈ ಭಾಗವನ್ನು ದಾಟಿ, ತಿರುಳಿನ ದ್ರವ್ಯರಾಶಿ ಮಾತ್ರ ತೆಗೆದುಕೊಂಡು ಮುಂದಿನ ಹಂತದ ಮಾದರಿಯನ್ನು ಹೊಸದಾಗಿ ಕಟ್ಟುತ್ತವೆ. ಲೋಹ ಕಡಿಮೆ ಇದ್ದರೆ ಫ್ಲಾಶ್ ಹೊತ್ತಿನ ತಿರುಳು ತುಸು ಭಾರ, ಆರಂಭದ ಹೀಲಿಯಂ ಜಾಸ್ತಿ ಇದ್ದರೆ ತುಸು ಹಗುರ.

ಧಾತುಗಳು ಒಳಗೆ ಮುಳುಗುತ್ತವೆ ಅನ್ನುತ್ತಾರಲ್ಲ?

ಹೌದು. ಭಾರದ ಧಾತುಗಳು ನಿಧಾನವಾಗಿ ಕೆಳಗಿಳಿಯುತ್ತವೆ. ಸೂರ್ಯನ ಆರಂಭದ ಹೀಲಿಯಂ 0.27ರ ಹತ್ತಿರ ಇತ್ತು, ಈಗ ಮೇಲ್ಮೈಯಲ್ಲಿ 0.248. ಅಂದರೆ ಮೇಲ್ಮೈಯಲ್ಲಿ ಅಳೆದದ್ದು ಹುಟ್ಟಿದಾಗಿನ ಸಂಯೋಜನೆ ಅಲ್ಲ. ಎನ್‌ಜಿಸಿ 6397 ಗುಚ್ಛದಲ್ಲಿ ತಿರುವು ಬಿಂದುವಿನ ನಕ್ಷತ್ರಗಳಿಗಿಂತ ದೈತ್ಯರಲ್ಲಿ ಕಬ್ಬಿಣ ತುಸು ಹೆಚ್ಚು ಅಂತ 2006ರಲ್ಲಿ ಅಳೆದರು. ದೈತ್ಯರಲ್ಲಿ ಸಂವಹನ ಆಳಕ್ಕಿಳಿದು ಮುಳುಗಿದ್ದನ್ನು ಮತ್ತೆ ಮೇಲೆ ತರುತ್ತದೆ. ಆದರೆ ವ್ಯತ್ಯಾಸ ಬರೀ ಮುಳುಗುವಿಕೆಯ ಲೆಕ್ಕ ಹೇಳಿದಷ್ಟಿಲ್ಲ. ಇನ್ನೇನೋ ಕಲಕುತ್ತಿದೆ.

ಗೋಳಗುಚ್ಛಗಳು ವಿಶ್ವಕ್ಕಿಂತ ಹಳೆಯವು ಅಂತ ಒಮ್ಮೆ ಹೇಳುತ್ತಿದ್ದರಲ್ಲ, ಅದು ಹೇಗೆ ಬಗೆಹರಿಯಿತು?

1990ರ ದಶಕದ ಆರಂಭದವರೆಗೆ ಗುಚ್ಛಗಳಿಗೆ 1,500 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು ಬರುತ್ತಿತ್ತು. ಒಂದೇ ಏಟಿಗೆ ಬಗೆಹರಿಯಲಿಲ್ಲ. ತಡೆಯ ಕೋಷ್ಟಕಗಳು ಸುಧಾರಿಸಿದವು. ಆಲ್ಫಾ ಧಾತುಗಳೂ ಹೀಲಿಯಂ ಮುಳುಗುವಿಕೆಯೂ ಲೆಕ್ಕಕ್ಕೆ ಬಂದವು. ಹಿಪ್ಪಾರ್ಕಸ್ ಉಪಗ್ರಹ 1997ರಲ್ಲಿ ದೂರಗಳನ್ನು ತಿದ್ದಿತು. ತಿರುವು ಬಿಂದುವಿನ ಪ್ರಕಾಶದಲ್ಲಿ 0.1 ಕಾಂತಿಮಾನ (ಖಗೋಳದವರು ಪ್ರಕಾಶ ಅಳೆಯುವ ಮಾನ) ತಪ್ಪಿದರೆ ವಯಸ್ಸು ಸುಮಾರು ಶೇ. 10 ತಪ್ಪುತ್ತದೆ. ದೂರಕ್ಕೆ ಅಷ್ಟು ಬೆಲೆ. ವಿಶ್ವದ ವಯಸ್ಸಿನ ಅಂದಾಜೂ ಆ ಕಡೆಯಿಂದ ಬದಲಾಯಿತು. ಈಗ ಹಳೆಯ ಗುಚ್ಛಗಳು 1,200–1,300 ಕೋಟಿ ವರ್ಷದವು.

ತಿದ್ದುಪಡಿಗಳೆಲ್ಲ ಒಂದೇ ದಿಕ್ಕಿಗೆ ಹೋಗಲಿಲ್ಲ ಅನ್ನುವುದು ನನಗೆ ಇಷ್ಟವಾಗುವ ಸಂಗತಿ. ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿಯ ಲೂನಾ ಪ್ರಯೋಗ 2004ರಲ್ಲಿ ನೈಟ್ರೋಜನ್ ಪ್ರೋಟಾನ್ ಹಿಡಿಯುವ ವೇಗವನ್ನು ಅಳೆಯಿತು. ಸಿಎನ್ಒ ಚಕ್ರದ ಅತಿ ನಿಧಾನದ ಹೆಜ್ಜೆ ಅದು. ಹಿಂದೆ ಅಂದುಕೊಂಡದ್ದರ ಅರ್ಧದಷ್ಟು ಬಂತು. ಗುಚ್ಛಗಳ ವಯಸ್ಸು 70ರಿಂದ 100 ಕೋಟಿ ವರ್ಷ ಮೇಲೇರಿತು.

ಲೋಹವೇ ಇಲ್ಲದ ಸಣ್ಣ ನಕ್ಷತ್ರ ಇದೆಯಾ?

ಮಾದರಿಯಲ್ಲಿ ಇದೆ, ಆಕಾಶದಲ್ಲಿ ಇನ್ನೂ ಸಿಕ್ಕಿಲ್ಲ. 2014ರಲ್ಲಿ ಪ್ರಕಟವಾದ ಎಸ್‌ಎಂಎಸ್‌ಎಸ್ ಜೆ0313−6708 ನಕ್ಷತ್ರದಲ್ಲಿ ಕಬ್ಬಿಣ ಸೂರ್ಯನದ್ದರ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಆದರೆ ಕಾರ್ಬನ್ ಅದಕ್ಕೆ ಹೋಲಿಸಿದರೆ ಎಷ್ಟೋ ಪಾಲು ಜಾಸ್ತಿ. ಇಂಥ ನಕ್ಷತ್ರಕ್ಕೆ ಒಂದೇ ಝಡ್ ಹಿಡಿದು ಮಾದರಿ ಮಾಡಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಯಾವ ಕೋಡ್ ಬಳಸಲಿ? ಲ್ಯಾಪ್‌ಟಾಪ್ ಸಾಕಾ?

ಸಾಕು. ಒಂದು ನಕ್ಷತ್ರದ ಮುಖ್ಯ ಶ್ರೇಣಿಗೆ ದೊಡ್ಡ ಯಂತ್ರ ಬೇಡ. ಬಿಲ್ ಪ್ಯಾಕ್ಸ್‌ಟನ್ ಮತ್ತು ಸಂಗಡಿಗರ ಮೆಸಾ ಉಚಿತ, ಮುಕ್ತ, ಫೋರ್ಟ್ರಾನ್‌ನಲ್ಲಿದೆ. ಮೊದಲ ದೊಡ್ಡ ಪ್ರಬಂಧ 2011ರಲ್ಲಿ ಬಂತು. ನಕ್ಷತ್ರದ ವಿವರವನ್ನು ಇನ್‌ಲಿಸ್ಟ್ ಅನ್ನುವ ಕಡತದಲ್ಲಿ ಬರೆದರಾಯಿತು. ಓಡಿಸುವ ಗೋಜು ಬೇಡ ಅನ್ನುವವರಿಗೆ ಡಾರ್ಟ್‌ಮೌತ್, ಪಾರ್ಸೆಕ್, ಬಾಸ್ಟಿ, ಮಿಸ್ಟ್ ಸಿದ್ಧ ಮಾದರಿಗಳ ಸಂಗ್ರಹ ಕೊಡುತ್ತವೆ.

ಎರಡು ಕೋಡ್ ಎರಡು ಉತ್ತರ ಕೊಟ್ಟರೆ ಯಾವುದನ್ನು ನಂಬಲಿ?

ಮೊದಲು ಎರಡರ ಮಿಶ್ರಣ, ಕೋಷ್ಟಕ, ಮುಳುಗುವಿಕೆ ಒಂದೇನಾ ಅಂತ ನೋಡಿ. ಒಂದೇ ಆಗಿದ್ದರೆ ಪ್ರಕಾಶ ಮತ್ತು ಆಯಸ್ಸು ಸಾಕಷ್ಟು ಹತ್ತಿರ ಬರುತ್ತವೆ. ದೈತ್ಯರ ಉಷ್ಣತೆಯಲ್ಲಿ ವ್ಯತ್ಯಾಸ ಉಳಿಯುತ್ತದೆ. ಅದು ಮಿಶ್ರಣ ಉದ್ದ ಮತ್ತು ಮೇಲ್ಮೈ ಸೂತ್ರದ ಕೂಸು. ಒಂದೇ ಕೋಡ್‌ನಲ್ಲಿ ಸಂಯೋಜನೆ ಬದಲಾಯಿಸಿ ಸಿಗುವ ವ್ಯತ್ಯಾಸವನ್ನು ನಾನು ಹೆಚ್ಚು ನಂಬುತ್ತೇನೆ, ಒಂಟಿ ಸಂಖ್ಯೆಗಳನ್ನು ಕಡಿಮೆ.

ಶುರು ಮಾಡಲು ಒಂದು ಅಭ್ಯಾಸ ಹೇಳಿ.

0.8 ಪಟ್ಟಿನ ನಕ್ಷತ್ರ ತೆಗೆದುಕೊಳ್ಳಿ. ಮೊದಲ ಓಟಕ್ಕೆ ಝಡ್ 0.001, ವೈ 0.25. ಎರಡನೆಯದಕ್ಕೆ ವೈ ಮಾತ್ರ 0.30 ಮಾಡಿ. ಮೂರನೆಯದಕ್ಕೆ ವೈ ಮತ್ತೆ 0.25, ಝಡ್ 0.0005. ನಾಲ್ಕನೆಯದಕ್ಕೆ ಆಲ್ಫಾ ಧಾತುಗಳನ್ನು ಏರಿಸಿ, ಕಬ್ಬಿಣ-ಹೈಡ್ರೋಜನ್ ಅನುಪಾತ ಮೊದಲ ಓಟದ್ದೇ ಇರಲಿ. ಅಪಾರದರ್ಶಕತೆಯ ಕೋಷ್ಟಕವನ್ನೂ ಆ ಮಿಶ್ರಣಕ್ಕೆ ಬದಲಾಯಿಸಿ. ಮೆಸಾದಲ್ಲಿ ಆರಂಭದ ಮಿಶ್ರಣ ಒಂದು ಕಡೆ, ಕೋಷ್ಟಕ ಇನ್ನೊಂದು ಕಡೆ ಹೇಳಬೇಕು. ಹೊಸಬರು ಎರಡನೆಯದನ್ನು ಮರೆಯುವುದೇ ಹೆಚ್ಚು.

ನಾಲ್ಕೂ ಪಥಗಳನ್ನು ಒಂದೇ ಉಷ್ಣತೆ-ಪ್ರಕಾಶ ನಕ್ಷೆಯಲ್ಲಿ ಹಾಕಿ. ತಿರುವು ಬಿಂದುವಿನ ವಯಸ್ಸು, ಅಲ್ಲಿನ ಪ್ರಕಾಶ, ದೈತ್ಯ ಕವಲಿನ ಉಷ್ಣತೆ ಇವಿಷ್ಟನ್ನು ಬರೆದಿಟ್ಟುಕೊಳ್ಳಿ. ಉಷ್ಣತೆಯನ್ನು ಹೋಲಿಸುವಾಗ ನಾಲ್ಕಕ್ಕೂ ಒಂದೇ ಪ್ರಕಾಶದ ಜಾಗ ಆರಿಸಿ, ಸೂರ್ಯನ 100 ಪಟ್ಟು ಇರಲಿ. ಹೀಲಿಯಂ ಫ್ಲಾಶ್‌ಗೆ ಮುಂಚೆಯೇ ಓಟ ನಿಲ್ಲುವ ಷರತ್ತು ಹಾಕಿಡಿ, ಇಲ್ಲದಿದ್ದರೆ ಲ್ಯಾಪ್‌ಟಾಪ್ ರಾತ್ರಿಯೆಲ್ಲ ಅಲ್ಲೇ ಒದ್ದಾಡುತ್ತಿರುತ್ತದೆ.